ಮುಂಬಯಿಯ ಚಿರತೆಗೆ ಸಿಕ್ಕ ವ್ಯವಸ್ಥೆ ಜತ್ತದ ಕುರಿಗಾಹಿಗೂ ಸಿಗಲಿ

ಮುಂಬಯಿ ಮಹಾನಗರದ ನಡುವೆಯೇ ಚಿರತೆಗಳು ಬದುಕುತ್ತಿವೆ. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು 104 ಚದರ ಕಿಲೋಮೀಟರ್. ಅದರ ಅಂಚಿಗೆ ಬಹುಮಹಡಿ ಕಟ್ಟಡಗಳು, ಜೋಪಡಪಟ್ಟಿಗಳು, ಆರೇ ಕಾಲನಿಯ ದನದ ತಬೇಲಗಳು ಒತ್ತಿಕೊಂಡು ನಿಂತಿವೆ. 2015ರಲ್ಲಿ ಕ್ಯಾಮೆರಾಗಳನ್ನಿಟ್ಟು ಎಣಿಸಿದಾಗ ಉದ್ಯಾನ ಮತ್ತು ಅದರ ಸುತ್ತಮುತ್ತ 35 ಚಿರತೆಗಳು ಸಿಕ್ಕವು. 2011ರ ಜನಗಣತಿಯಂತೆ 1.24 ಕೋಟಿ ಜನ ವಾಸಿಸುವ ಊರಿನ ಲೆಕ್ಕ ಇದು. ಮನುಷ್ಯ ಮತ್ತು ದೊಡ್ಡ ಬೇಟೆಪ್ರಾಣಿ ಇಷ್ಟು ಹತ್ತಿರ ಇದ್ದೂ ಎರಡರ ಬದುಕೂ ಸಾಗಿದೆ ಎಂದರೆ ಅದಕ್ಕೆ ಕಾರಣವಿದೆ. ಅರಣ್ಯ ಇಲಾಖೆ, ಮಹಾನಗರ ಪಾಲಿಕೆ, ಪೊಲೀಸರು, ಸಂಶೋಧಕರು ಮತ್ತು ಪತ್ರಕರ್ತರು ಸೇರಿ ಅಲ್ಲೊಂದು ವ್ಯವಸ್ಥೆ ಕಟ್ಟಿದ್ದಾರೆ. ಅದೇ ಮಹಾರಾಷ್ಟ್ರದ ಇನ್ನೊಂದು ಮೂಲೆಯಲ್ಲಿ, ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಮಡ್ಡಿಗಳಲ್ಲಿ, ಕುರಿ ಕಾಯುವ ಕನ್ನಡಿಗರು ತೋಳದ ಜೊತೆ ಒಂದೇ ನೆಲ ಹಂಚಿಕೊಂಡು ತಲೆಮಾರುಗಳಿಂದ ಬಾಳಿದ್ದಾರೆ. ಮುಂಬಯಿಯಲ್ಲಿ ಕಟ್ಟಿದ ಆ ವ್ಯವಸ್ಥೆ ಇವರ ಹಟ್ಟಿಯವರೆಗೆ ಬಂದಿಲ್ಲ. ಕಾಡುಪ್ರಾಣಿಯ ಪಕ್ಕದಲ್ಲಿ ಬದುಕುವವರಿಗೆ ರಕ್ಷಣೆ, ಮಾಹಿತಿ, ಪರಿಹಾರ ಕೊಡುವುದು ನೀರು, ರಸ್ತೆ, ಶಾಲೆಗಳಂತೆಯೇ ಸರ್ಕಾರದ ಸೇವೆ. ಅದು ನಗರಕ್ಕೆ ಒಂದು ಬಗೆ, ಗಡಿಯ ಬರಪೀಡಿತ ತಾಲೂಕಿಗೆ ಇನ್ನೊಂದು ಬಗೆ ಆಗಬಾರದು ಎಂಬುದು ಈ ಲೇಖನದ ವಾದ.

ಮುಂಬಯಿ ಈ ಪಾಠವನ್ನು ಸುಲಭವಾಗಿ ಕಲಿಯಲಿಲ್ಲ. 2004ರ ಜೂನ್ ತಿಂಗಳೊಂದರಲ್ಲೇ ಉದ್ಯಾನದ ಸುತ್ತ ಹತ್ತರ ಆಸುಪಾಸು ಜನ ಚಿರತೆಯ ಬಾಯಿಗೆ ಬಿದ್ದರು. ಆ ಕಾಲದಲ್ಲಿ ಸರ್ಕಾರಕ್ಕೆ ಗೊತ್ತಿದ್ದ ಮದ್ದು ಒಂದೇ: ಬೋನು ಇಡು, ಹಿಡಿ, ಬೇರೆ ಕಡೆ ಬಿಡು. ಈ ಮದ್ದಿನಿಂದ ರೋಗ ಹೆಚ್ಚಿತೆಂದು ಪುಣೆ ಜಿಲ್ಲೆಯ ಜುನ್ನರ ತೋರಿಸಿಕೊಟ್ಟಿತು. ಅಲ್ಲಿ 2001ರ ತನಕ ವರ್ಷಕ್ಕೆ ಸರಾಸರಿ ನಾಲ್ಕರಷ್ಟಿದ್ದ ಮನುಷ್ಯರ ಮೇಲಿನ ದಾಳಿಗಳು, ಚಿರತೆಗಳನ್ನು ಹಿಡಿದು ಬೇರೆಡೆ ಬಿಡುವ ಕೆಲಸ ಜೋರಾದ ಮೇಲೆ ವರ್ಷಕ್ಕೆ ಹದಿನೇಳಕ್ಕೆ ಏರಿದವು ಎಂದು ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರ ಅಧ್ಯಯನ ದಾಖಲಿಸಿತು. ತನ್ನ ಸೀಮೆ ಕಳೆದುಕೊಂಡ ಚಿರತೆ ಗುರುತಿಲ್ಲದ ನೆಲದಲ್ಲಿ ಅಲೆಯುತ್ತದೆ, ಬೋನಿನಲ್ಲಿ ಗಾಯಗೊಂಡು ಕಂಗೆಡುತ್ತದೆ, ಖಾಲಿಯಾದ ಅದರ ಜಾಗಕ್ಕೆ ಬೇರೊಂದು ಬಂದು ಸೇರುತ್ತದೆ. ಈ ತಿಳಿವಳಿಕೆ ಬಂದ ಮೇಲೆ ಮುಂಬಯಿ ದಾರಿ ಬದಲಿಸಿತು. 2011ರಲ್ಲಿ ಅರಣ್ಯ ಇಲಾಖೆಯ ಮುಂದಾಳತ್ವದಲ್ಲಿ ನಾಗರಿಕರನ್ನೂ ಸೇರಿಸಿಕೊಂಡ ಅಭಿಯಾನವೊಂದು ಶುರುವಾಯಿತು. ಕಂಡಕಂಡಲ್ಲಿ ಬೋನು ಇಡುವುದು ನಿಂತಿತು, ಕಸ ವಿಲೇವಾರಿಯ ಮಾತು ಪಾಲಿಕೆಯ ಮೇಜಿಗೆ ಹೋಯಿತು. ಕತ್ತಲಾದ ಮೇಲೆ ಮಕ್ಕಳನ್ನು ಒಬ್ಬೊಬ್ಬರನ್ನೇ ಹೊರಗೆ ಬಿಡಬೇಡಿ ಎಂಬ ಸರಳ ಮಾತನ್ನು ಆದಿವಾಸಿ ಪಾಡಾಗಳಿಗೂ ವಸಾಹತುಗಳಿಗೂ ಹೋಗಿ ಹೇಳಲಾಯಿತು. ಗುಂಪು ಚದುರಿಸುವ ತರಬೇತಿ ಪೊಲೀಸರಿಗೆ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ದಾಳಿಗಳು ಬಹಳ ಇಳಿದವು. ಪೂರ್ತಿ ನಿಲ್ಲಲಿಲ್ಲ, 2022ರ ದೀಪಾವಳಿ ಹೊತ್ತಿಗೆ ಆರೇಯಲ್ಲಿ ಎಳೆಯ ಮಗುವೊಂದು ಬಲಿಯಾಯಿತು. ಆದರೂ 2004ರ ಭಯಕ್ಕೂ ಈಗಿನ ಸ್ಥಿತಿಗೂ ಇರುವ ಅಂತರ ದೊಡ್ಡದು.

ಇಂಥ ತಯಾರಿ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಗಳಿವೆ. 2020ರ ಡಿಸೆಂಬರ್ 9ರಂದು ಪುಣೆಯ ಕೋಥರೂಡಿನ ವಸತಿ ಬಡಾವಣೆಗೆ ಕಾಡುಕೋಣವೊಂದು ಬಂತು. ನೂರಾರು ಜನ ಬೆನ್ನಟ್ಟಿದರು, ಮೊಬೈಲಿನಲ್ಲಿ ಚಿತ್ರ ತೆಗೆಯಲು ಮುಗಿಬಿದ್ದರು. ಗೋಡೆಗಳಿಗೆ ಬಡಿದುಕೊಂಡು, ಓಡಿ ಓಡಿ ಬಸವಳಿದ ಆ ಪ್ರಾಣಿ ಸೆರೆಸಿಕ್ಕ ಮೇಲೆ ಸತ್ತಿತು. ಮರುವರ್ಷದ ಡಿಸೆಂಬರಿನಲ್ಲಿ ಸಾಂಗಲಿಯ ಮಾರ್ಕೆಟ್ ಯಾರ್ಡಿಗೂ ಒಂದು ಕಾಡುಕೋಣ ನುಗ್ಗಿತು. ಅರಿಸಿನದ ವ್ಯಾಪಾರಕ್ಕೆ ದೇಶದಲ್ಲೇ ಹೆಸರಾದ ಆ ಪೇಟೆಯಲ್ಲಿ ಅಧಿಕಾರಿಗಳು ಅವಸರ ಮಾಡದೆ ತಾಸುಗಟ್ಟಲೆ ಕಾದು, ಅದನ್ನು ಜೀವಂತವಾಗಿ ವಾಹನಕ್ಕೆ ಹತ್ತಿಸಿದರು. ಪುಣೆಯ ಸಾವು ಕಲಿಸಿದ್ದು ಸಾಂಗಲಿಯಲ್ಲಿ ಕೆಲಸಕ್ಕೆ ಬಂದಿತ್ತು. ಬೆಂಗಳೂರಿನ ಅನುಭವವೂ ಇದೇ ಮಾತು ಹೇಳುತ್ತದೆ. ಬನ್ನೇರುಘಟ್ಟದ ಕಾಡಿಗೆ ತಾಗಿಕೊಂಡೇ ಬೆಳೆದ ಆ ನಗರದಲ್ಲಿ 2016ರ ಫೆಬ್ರವರಿಯಲ್ಲಿ ವೈಟ್‌ಫೀಲ್ಡಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿತು. ಹಿಡಿಯಲು ಹೋದ ಹಲವರು ಗಾಯಗೊಂಡರು. 2023ರ ನವೆಂಬರಿನಲ್ಲಿ ಕೂಡ್ಲು ಗೇಟ್ ಹತ್ತಿರ ಕಾಣಿಸಿಕೊಂಡ ಚಿರತೆ ಸೆರೆ ಕಾರ್ಯಾಚರಣೆಯಲ್ಲೇ ಪ್ರಾಣ ಬಿಟ್ಟಿತು. ಎಲ್ಲ ಕಡೆಯೂ ಪ್ರಾಣಿಯ ಸ್ವಭಾವ ಒಂದೇ: ಮರೆ ಹುಡುಕುವುದು, ಮನುಷ್ಯನಿಂದ ತಪ್ಪಿಸಿಕೊಳ್ಳುವುದು. ಸಾವುನೋವು ಎಷ್ಟಾಗುತ್ತದೆ ಎಂಬುದನ್ನು ನಿರ್ಧರಿಸುವುದು ಜನರ ಗುಂಪು ಮತ್ತು ಅಧಿಕಾರಿಗಳ ತಯಾರಿ.

ಪ್ರಾಣಿಗಳು ಕಾಡು ಬಿಟ್ಟು ಊರಿಗೆ ನುಗ್ಗುತ್ತಿವೆ ಎಂದು ಪತ್ರಿಕೆಗಳೂ ರಾಜಕಾರಣಿಗಳೂ ಹೇಳುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಈ ಮಾತು ನಿಲ್ಲುವುದಿಲ್ಲ. ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆಯ ಅಕೋಲೆ ಕಣಿವೆಯಲ್ಲಿ ಕಬ್ಬು ಬೆಳೆಯುತ್ತಾರೆ, ಚದರ ಕಿಲೋಮೀಟರಿಗೆ ಮುನ್ನೂರಕ್ಕೂ ಹೆಚ್ಚು ಜನ ವಾಸಿಸುತ್ತಾರೆ, ಹೇಳಿಕೊಳ್ಳುವಂಥ ಕಾಡಿಲ್ಲ. ಅಲ್ಲಿ ನೂರು ಚದರ ಕಿಲೋಮೀಟರಿಗೆ ಐದರಷ್ಟು ಚಿರತೆಗಳೂ ಅಷ್ಟೇ ಕತ್ತೆಕಿರುಬಗಳೂ ಇವೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅವು ದಾರಿ ತಪ್ಪಿ ಬಂದವಲ್ಲ, ಅಲ್ಲೇ ಹುಟ್ಟಿ ಮರಿ ಹಾಕಿದವು. ಅವುಗಳ ಆಹಾರದಲ್ಲಿ ನಾಯಿಗಳದೇ ದೊಡ್ಡ ಪಾಲು. ಮುಂಬಯಿಯಲ್ಲೂ ಹಾಗೆಯೇ. ಆ ಉದ್ಯಾನದ ಚಿರತೆಗಳು ವರ್ಷಕ್ಕೆ ಸುಮಾರು 1,500 ಬೀದಿನಾಯಿಗಳನ್ನು ತಿಂದು, ಸಾವಿರದಷ್ಟು ನಾಯಿಕಡಿತ ತಪ್ಪಿಸುತ್ತವೆ ಎಂದು 2018ರ ಒಂದು ಅಧ್ಯಯನ ಅಂದಾಜು ಮಾಡಿತು. ಬೀದಿಯಲ್ಲಿ ಕಸ ಬಿದ್ದರೆ ನಾಯಿ ಹೆಚ್ಚುತ್ತದೆ, ನಾಯಿ ಹೆಚ್ಚಿದರೆ ಚಿರತೆ ಅದರ ಹಿಂದೆ ಮನೆಬಾಗಿಲಿಗೆ ಬರುತ್ತದೆ. ಈ ಸರಪಳಿಯ ಮೊದಲ ಕೊಂಡಿ ಇರುವುದು ನಗರಪಾಲಿಕೆಯ ಕೈಯಲ್ಲಿ. ಇದು ಚಿರತೆಯ ಮಾತು ಮಾತ್ರವಲ್ಲ. ಸಾಂಗಲಿ ನಗರದ ಪಕ್ಕ ಹರಿಯುವ ಕೃಷ್ಣೆಯಲ್ಲಿ ಮೊಸಳೆಗಳಿವೆ. ಔದುಂಬರ, ಭಿಲವಡಿಯ ದಂಡೆಯ ಜನ ಅವುಗಳನ್ನು ಹುಟ್ಟಿದಾಗಿನಿಂದ ಬಲ್ಲರು. ಮರಳಿನ ದಂಡೆಯಲ್ಲಿ ಮೊಟ್ಟೆ ಇಡುವ ಪ್ರಾಣಿಗೆ ಮರಳು ತೆಗೆಯುವ ಯಂತ್ರ ಎದುರಾದಾಗ ಜಗಳ ಹುಟ್ಟುತ್ತದೆ. ಇಲ್ಲೂ ಪರಿಹಾರ ನದಿ ದಂಡೆಯ ಆಡಳಿತದಲ್ಲೇ ಇದೆ.

ಈಗ ಜತ್ತದ ಕಡೆ ನೋಡೋಣ. ಸಾಂಗಲಿ ಜಿಲ್ಲೆಯ ಕಾಲು ಭಾಗದಷ್ಟು ನೆಲ ಈ ಒಂದೇ ತಾಲೂಕಿನದು. 2011ರಲ್ಲಿ ಇಲ್ಲಿದ್ದ ಜನ ಸುಮಾರು 3.28 ಲಕ್ಷ. ಪೂರ್ವಕ್ಕೆ ಕರ್ನಾಟಕದ ವಿಜಯಪುರ, ದಕ್ಷಿಣಕ್ಕೆ ಅಥಣಿ. ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರದ ಸುತ್ತ ಮನೆಮಾತು ಕನ್ನಡ. ಮಳೆ ಕಡಿಮೆ, ಮಣ್ಣು ತೆಳು, ಕಲ್ಲುಮಡ್ಡಿಯ ಮೇಲೆ ಹುಲ್ಲು ಮತ್ತು ಕುರುಚಲು. ಇಂಥ ನೆಲದಲ್ಲಿ ಕುರಿ ಬದುಕುತ್ತದೆ, ಕುರಿಯ ಹಿಂದೆ ತೋಳವೂ ಬದುಕುತ್ತದೆ. ಸೋಲಾಪುರದಿಂದ ವಿಜಯಪುರ, ಕೊಪ್ಪಳದವರೆಗೆ ಹಬ್ಬಿದ ದಖ್ಖನಿನ ಈ ಬಯಲುಸೀಮೆ ಭಾರತದ ತೋಳದ ಮುಖ್ಯ ನೆಲೆಗಳಲ್ಲೊಂದು. ದೇಶದಲ್ಲಿ ಉಳಿದಿರುವ ತೋಳಗಳು ಮೂರು ಸಾವಿರದ ಆಸುಪಾಸು ಎಂಬ ಅಂದಾಜಿದೆ, ಹುಲಿಗಿಂತ ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತೋಳವನ್ನು ಹುಲಿಯ ಸಾಲಿನಲ್ಲೇ, ಮೊದಲ ಅನುಸೂಚಿಯಲ್ಲಿ ಇಟ್ಟಿದೆ. ಆದರೆ ಹುಲಿಗೆ ಮೀಸಲು ಅರಣ್ಯವಿದೆ, ಅನುದಾನವಿದೆ, ಕಾವಲುಗಾರರಿದ್ದಾರೆ. ಇದೇ ಜಿಲ್ಲೆಯ ಪಶ್ಚಿಮ ತುದಿಯ ಚಾಂದೋಲಿ 2010ರಲ್ಲಿ ಸಹ್ಯಾದ್ರಿ ಹುಲಿ ಯೋಜನೆಗೆ ಸೇರಿತು. ಪೂರ್ವ ತುದಿಯ ತೋಳಕ್ಕೆ ಇರುವ ಆಸರೆ ಕುರುಬರ ಸಹನೆ ಮಾತ್ರ. ಸಂಜೆಯಾದರೆ ಬಲೆ ಕಟ್ಟಿ ಕುರಿ ಕೂಡಿ, ನಾಯಿಗಳನ್ನು ಬಿಟ್ಟು, ರಾತ್ರಿ ನಿದ್ದೆಗೆಟ್ಟು ಕಾಯುವ ಆ ಜನರ ದುಡಿಮೆಯ ಮೇಲೆ ಇಡೀ ದೇಶದ ಸಂರಕ್ಷಣೆಯ ಹೊರೆ ಕೂತಿದೆ.

ಆ ಹೊರೆಗೆ ಸರ್ಕಾರ ಕೊಡುವ ಬೆಲೆ ಏನು? ಮಹಾರಾಷ್ಟ್ರದಲ್ಲಿ ಕಾಡುಪ್ರಾಣಿಯಿಂದ ಜಾನುವಾರು ಸತ್ತರೆ ಪರಿಹಾರ ಕೊಡುವ ನಿಯಮವಿದೆ, ತೋಳವೂ ಆ ಪಟ್ಟಿಯಲ್ಲಿದೆ. ಮಾರುಕಟ್ಟೆ ಬೆಲೆಯ ಶೇ 75 ಅಥವಾ ಸರ್ಕಾರ ಗೊತ್ತು ಮಾಡಿದ ಮಿತಿ, ಎರಡರಲ್ಲಿ ಯಾವುದು ಕಡಿಮೆಯೋ ಅದು ಸಿಗುತ್ತದೆ. ಅಂದರೆ ನಿಯಮದ ಪ್ರಕಾರವೇ ಕುರಿಗಾಹಿಗೆ ಪೂರ್ತಿ ನಷ್ಟ ತುಂಬುವುದಿಲ್ಲ. ಜತ್ತದಲ್ಲಿ ಈ ಅನ್ಯಾಯ ಇನ್ನೂ ದೊಡ್ಡದು, ಏಕೆಂದರೆ ಇದು ಮಾಡಗ್ಯಾಳ ಕುರಿಯ ತವರು. ಗಿಣಿಮೂಗಿನ, ಉದ್ದ ಕಾಲಿನ ಈ ತಳಿಯ ಒಳ್ಳೆಯ ಟಗರಿಗೆ ಸಂತೆಯಲ್ಲಿ ಲಕ್ಷಗಟ್ಟಲೆ ಬೆಲೆ ಕಟ್ಟುತ್ತಾರೆ. ಸಾಮಾನ್ಯ ಕುರಿಯ ಲೆಕ್ಕದಲ್ಲಿ ಹಾಕಿದ ಮಿತಿ ಇಂಥ ಟಗರಿನ ಮುಂದೆ ಕಾಸಿಗೆ ಸಮ. ಮೇಲಾಗಿ ಪರಿಹಾರ ಬೇಕೆಂದರೆ ಬೇಗ ವರದಿ ಮಾಡಬೇಕು, ಕಳೇಬರ ಕದಲಿಸಬಾರದು, ಪಂಚನಾಮೆ ಆಗಬೇಕು. ಊರಿಂದೂರಿಗೆ ಹಟ್ಟಿ ಎತ್ತಿಕೊಂಡು ತಿರುಗುವ ಕುರುಬ ಸತ್ತ ಕುರಿಯ ಪಕ್ಕ ಅಧಿಕಾರಿಗಾಗಿ ಕಾದು ಕೂತರೆ ಬದುಕಿರುವ ಕುರಿಗಳಿಗೆ ಮೇವು ತೋರಿಸುವವರು ಯಾರು? ತೋಳ ಹಲವು ಸಲ ಕುರಿಯನ್ನು ಎಳೆದೊಯ್ಯುತ್ತದೆ. ಕಳೇಬರವೇ ಇಲ್ಲದ ಕಡೆ ಪಂಚನಾಮೆಗೆ ತೋರಿಸುವುದೇನನ್ನು? ಪರಿಹಾರ ಸಿಗದೆ ಸಿಟ್ಟಿಗೆದ್ದವರು ದೇಶದ ಹಲವೆಡೆ ತೋಳದ ಗುಹೆಗೆ ಹೊಗೆ ಹಾಕಿ ಮರಿಗಳನ್ನು ಕೊಂದಿದ್ದಾರೆ, ಕಳೇಬರಕ್ಕೆ ವಿಷ ಬೆರೆಸಿದ್ದಾರೆ. ಅದು ಅಪರಾಧ, ಅದನ್ನು ಸಮರ್ಥಿಸಲಾಗದು. ಆದರೆ ಆ ಅಪರಾಧದ ಬೇರು ತುಂಬಿಕೊಡದ ನಷ್ಟದಲ್ಲಿದೆ ಎಂಬುದನ್ನೂ ಮರೆಯಲಾಗದು.

ಇದಕ್ಕೆ ಭಾಷೆಯ ತೊಡಕು ಸೇರುತ್ತದೆ. ಮುಂಬಯಿಯ ಯಶಸ್ಸಿನ ಜೀವಾಳ ಮಾಹಿತಿ: ಯಾರಿಗೆ ಫೋನ್ ಮಾಡಬೇಕು, ಏನು ಮಾಡಬಾರದು, ಎಷ್ಟು ದಿನದೊಳಗೆ ಅರ್ಜಿ ಕೊಡಬೇಕು ಎಂಬುದು ಜನರಿಗೆ ತಿಳಿಯುವ ಮಾತಿನಲ್ಲಿ ಮುಟ್ಟಿತು. ಜತ್ತದ ಪೂರ್ವ ಭಾಗದಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಕಲಿತವರಿದ್ದಾರೆ, ಶಾಲೆಯ ಮುಖ ನೋಡದ ಕುರುಬರೂ ಇದ್ದಾರೆ. ಸರ್ಕಾರಿ ನಿರ್ಣಯ ಹೊರಡುವುದು ಮರಾಠಿಯಲ್ಲಿ. ಮರಾಠಿ ರಾಜ್ಯದ ಆಡಳಿತ ಭಾಷೆ, ಅದರ ಬಗ್ಗೆ ತಕರಾರಿಲ್ಲ. ಆದರೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಅರ್ಜಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತರು ಶೇ 15ರಿಂದ 20ರಷ್ಟಿರುವ ಪ್ರದೇಶಗಳಲ್ಲಿ ಮುಖ್ಯ ಸೂಚನೆಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕೆಂದು 1956ರಿಂದಲೇ ಕೇಂದ್ರದ ನೀತಿಯಿದೆ. ಮಹಾರಾಷ್ಟ್ರ, ಕರ್ನಾಟಕಗಳ ಗಡಿ ವಿವಾದದ ಬಿಸಿಯಲ್ಲಿ ಈ ಸಣ್ಣ ಆದರೆ ಖಚಿತವಾದ ಹಕ್ಕುಗಳನ್ನು ಯಾರೂ ಎತ್ತಿ ಆಡುವುದಿಲ್ಲ. ಜತ್ತ ಯಾವ ರಾಜ್ಯಕ್ಕೆ ಸೇರಬೇಕು ಎಂದು ಭಾಷಣ ಮಾಡುವವರು ಎರಡೂ ಕಡೆ ಇದ್ದಾರೆ. ಜತ್ತದ ಕುರಿಗಾಹಿಗೆ ಕನ್ನಡದಲ್ಲಿ ಒಂದು ಪರಿಹಾರದ ಅರ್ಜಿ ಸಿಗಲಿ ಎಂದು ಕೇಳುವವರೂ ಬೇಕು.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಮನುಷ್ಯನ ಜೀವದ ಪ್ರಶ್ನೆ. 2025ರ ಅಕ್ಟೋಬರ್ ಮತ್ತು ನವೆಂಬರ್ ನಡುವೆ ಪುಣೆ ಜಿಲ್ಲೆಯ ಶಿರೂರು ತಾಲೂಕಿನ ಪಿಂಪರಖೇಡದಲ್ಲಿ ಕೆಲವೇ ವಾರಗಳಲ್ಲಿ ಮೂವರು ಚಿರತೆಗೆ ಬಲಿಯಾದರು, ಅವರಲ್ಲಿ ಮಕ್ಕಳೂ ಇದ್ದರು. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳಗಳು ಮಕ್ಕಳನ್ನು ಹೊತ್ತೊಯ್ದವು. ಮಗು ಕಳೆದುಕೊಂಡ ತಾಯಿಯ ಮುಂದೆ ನಿಂತು ಸಹಬಾಳ್ವೆಯ ಉಪನ್ಯಾಸ ಕೊಡುವ ಹಕ್ಕು ಯಾರಿಗೂ ಇಲ್ಲ. ಮನುಷ್ಯನನ್ನು ಮತ್ತೆ ಮತ್ತೆ ಕೊಲ್ಲುವ ಪ್ರಾಣಿಯನ್ನು ಹಿಡಿಯಬೇಕು, ಆಗದಿದ್ದರೆ ಕೊಲ್ಲಬೇಕು. ವನ್ಯಜೀವಿ ಕಾಯ್ದೆಯ 11ನೇ ಕಲಮು ಅದಕ್ಕೆ ಅಧಿಕಾರ ಕೊಟ್ಟಿದೆ, ಪಿಂಪರಖೇಡದಲ್ಲಿ ಹಾಗೆಯೇ ಆಯಿತು. ಆದರೆ ಒಂದು ಪ್ರಾಣಿಯ ಅಪರಾಧಕ್ಕೆ ಸೀಮೆಯ ಎಲ್ಲ ಪ್ರಾಣಿಗಳನ್ನೂ ಗುಡಿಸಿ ಹಾಕಿದರೆ ಜನ ಸುರಕ್ಷಿತರಾಗುವುದಿಲ್ಲ ಎಂಬುದಕ್ಕೆ ಜುನ್ನರದ ಅಂಕಿಗಳೇ ಸಾಕ್ಷಿ. ಮನೆಯಲ್ಲಿ ಶೌಚಾಲಯ, ಓಣಿಯಲ್ಲಿ ದೀಪ, ಭದ್ರವಾದ ಬಾಗಿಲು, ಒಬ್ಬಂಟಿ ಮಕ್ಕಳನ್ನು ಕತ್ತಲಲ್ಲಿ ಕಳಿಸದ ಎಚ್ಚರ: ಜೀವ ಉಳಿಸುವುದು ಇವು. ಮನುಷ್ಯನ ಜೀವ ಮುಖ್ಯವೆಂದು ನಂಬುವವರು ಈ ಸೇವೆಗಳನ್ನು ಎಲ್ಲರಿಗಿಂತ ಮೊದಲು ಕೇಳಬೇಕು.

ಎರಡನೆಯ ಆಕ್ಷೇಪ ಜತ್ತದ ಒಳಗಿನಿಂದಲೇ ಬರುತ್ತದೆ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ತಾಲೂಕಿಗೆ ತೋಳದ ಚಿಂತೆ ಏಕೆ? ನೀರಿಗಾಗಿ ಬೇಸತ್ತ ಗಡಿಹಳ್ಳಿಗಳು ಒಮ್ಮೆ ಕರ್ನಾಟಕಕ್ಕೇ ಸೇರುತ್ತೇವೆಂದು ಠರಾವು ಮಾಡಿದ್ದನ್ನು ನೆನೆದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಮ್ಹೈಸಾಳ ಏತ ನೀರಾವರಿಯ ನೀರು ಜತ್ತದ ಕೊನೆಯ ಹಳ್ಳಿಗೂ ಬರಬೇಕು; ದಾಳಿಂಬೆ, ದ್ರಾಕ್ಷಿಯ ತೋಟಗಳು ಹೆಚ್ಚಬೇಕು. ಅದಕ್ಕೂ ತೋಳಕ್ಕೂ ಹಗೆ ಇಲ್ಲ. ಹಗೆ ಇರುವುದು ಹುಲ್ಲಿನ ನೆಲವನ್ನು ಪಾಳುಭೂಮಿ ಎಂದು ಕಾಗದದಲ್ಲಿ ಬರೆದು, ಯಾರು ಕೇಳಿದರೂ ಕೊಟ್ಟುಬಿಡುವ ನೀತಿಯ ಜೊತೆ. ಭಾರತದ ಹುಲ್ಲುಗಾವಲು, ಕುರುಚಲು ಬಯಲುಗಳು ಸುಮಾರು ಮೂರು ಲಕ್ಷ ಚದರ ಕಿಲೋಮೀಟರ್, ಅಂದರೆ ದೇಶದ ಹತ್ತನೇ ಒಂದು ಭಾಗ ಎಂದು 2022ರಲ್ಲಿ ಪ್ರಕಟವಾದ ನಕ್ಷೆ ತೋರಿಸಿತು. ಅದರಲ್ಲಿ ರಕ್ಷಿತ ಪ್ರದೇಶದೊಳಗಿರುವುದು ಶೇ 5ಕ್ಕಿಂತ ಕಡಿಮೆ. ಊರ ಗೋಮಾಳ, ಅಂದರೆ ಗಾಯರಾಣ ಹೋದರೆ ಮೊದಲು ಬೀಳುವುದು ಕುರಿಯ ಹೊಟ್ಟೆಗೆ ಪೆಟ್ಟು. ನೀರಾವರಿ ಎಲ್ಲರ ಹೊಲಕ್ಕೆ ಬಂದರೂ ಭೂಮಿಯಿಲ್ಲದ ಕುರುಬನಿಗೆ ಬೇಕಾಗುವುದು ಮಡ್ಡಿಯ ಹುಲ್ಲೇ. ಹುಲ್ಲು ಉಳಿಸಿ ಎಂದು ತೋಳದ ಹೆಸರಿನಲ್ಲಿ ಕೇಳಿದರೂ ಕುರಿಯ ಹೆಸರಿನಲ್ಲಿ ಕೇಳಿದರೂ ಉಳಿಯುವ ನೆಲ ಒಂದೇ.

ತೋಳಗಳನ್ನು ಹಿಡಿದು ಅಭಯಾರಣ್ಯಕ್ಕೆ ಸಾಗಿಸಿದರೆ ಎಲ್ಲ ಮುಗಿಯಿತಲ್ಲ ಎಂಬುದು ಮೂರನೆಯ ಆಕ್ಷೇಪ. ಸಹ್ಯಾದ್ರಿಯ ದಟ್ಟ ಕಾಡು ತೋಳದ ಮನೆಯಲ್ಲ. ಬಯಲೇ ಅದರ ಮನೆ. ಜಾರ್ಖಂಡದ ಮಹುವಾಡಾಂಡ್‌ನಲ್ಲಿ 1976ರಲ್ಲಿ ತೋಳಧಾಮ ಆಯಿತು, ಕರ್ನಾಟಕ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರ್ ನೆಲವನ್ನು ತೋಳಗಳಿಗೆ ಮೀಸಲಿಟ್ಟಿತು. ಈ ಹೆಜ್ಜೆಗಳು ಮೆಚ್ಚಬೇಕಾದವು. ಆದರೆ ಒಂದು ತೋಳದ ಹಿಂಡು ತಿರುಗುವ ಸೀಮೆ ಇಂಥ ಧಾಮಕ್ಕಿಂತ ಎಷ್ಟೋ ಪಾಲು ದೊಡ್ಡದು. ಬೇಲಿಯ ಒಳಗೆ ಮರಿ ಹಾಕಿದ ತೋಳ ಬೇಟೆಗೆ ಹೊರಡುವುದು ಬೇಲಿಯ ಆಚೆಗೇ. ಮುಂಬಯಿಯ ಉದ್ಯಾನದ ಗಡಿಗೋಡೆ ಚಿರತೆಯನ್ನು ತಡೆಯದಿದ್ದ ಮೇಲೆ ಬಯಲಿನಲ್ಲಿ ತೋಳವನ್ನು ಯಾವ ಗೋಡೆ ತಡೆದೀತು? ಇನ್ನೊಂದು ಅಪಾಯ ಬೆಳೆಯುತ್ತಿದೆ. ಪುಣೆಯ ಸುತ್ತ ತೋಳ ಮತ್ತು ಬೀದಿನಾಯಿಗಳ ಮಿಶ್ರಸಂತತಿ ಕಂಡುಬಂದಿದೆ ಎಂದು 2023ರಲ್ಲಿ ವಂಶವಾಹಿ ಪರೀಕ್ಷೆ ಖಚಿತಪಡಿಸಿತು. ಊರಂಚಿನ ತಿಪ್ಪೆಗಳಲ್ಲಿ ಹೆಚ್ಚುವ ನಾಯಿಗಳು ರೇಬೀಸ್ ಮತ್ತಿತರ ರೋಗಗಳನ್ನೂ ತೋಳಕ್ಕೆ ದಾಟಿಸುತ್ತವೆ. ರೋಗ ಹತ್ತಿದ ತೋಳ ಊರ ಜನಕ್ಕೆ ಅಪಾಯ. ನಗರದ ಕಸದ ಪ್ರಶ್ನೆ ಹೀಗೆ ಜತ್ತದ ಊರಂಚಿಗೂ ಬಂದು ನಿಲ್ಲುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಪರಿಹಾರದ ಮಿತಿಯನ್ನು ಮಾಡಗ್ಯಾಳದಂಥ ಬೆಲೆಬಾಳುವ ತಳಿಗಳಿಗೆ ಪಶುವೈದ್ಯರು ಕಟ್ಟಿದ ಮಾರುಕಟ್ಟೆ ಬೆಲೆಗೆ ಹೊಂದಿಸಬೇಕು, ಹಣ ಗೊತ್ತಾದ ಅವಧಿಯೊಳಗೆ ಕುರಿಗಾಹಿಯ ಖಾತೆಗೆ ಜಮಾ ಆಗಬೇಕು. ಕುರಿ ಸತ್ತ ಜಾಗದಲ್ಲೇ ಮೊಬೈಲಿನಲ್ಲಿ ತೆಗೆದ ಚಿತ್ರ, ಊರ ಪೊಲೀಸ್ ಪಾಟೀಲರ ಅಥವಾ ಸರಪಂಚರ ಸಾಕ್ಷಿ ಪಂಚನಾಮೆಗೆ ಸಾಕೆನಿಸಬೇಕು. ಎರಡನೆಯದಾಗಿ, ಅರ್ಜಿ, ಸೂಚನಾಫಲಕ, ಸಹಾಯವಾಣಿ ಮೂರೂ ಕನ್ನಡದಲ್ಲಿ ಸಿಗಬೇಕು; ಕನ್ನಡ ಬಲ್ಲ ವನರಕ್ಷಕರನ್ನು ಪೂರ್ವ ಜತ್ತಕ್ಕೆ ನೇಮಿಸಬೇಕು. ಮೂರನೆಯದಾಗಿ, ಹಟ್ಟಿಗೆ ಗಟ್ಟಿ ಬಲೆ, ಸೌರದೀಪ, ಕಾವಲು ನಾಯಿಗಳಿಗೆ ರೇಬೀಸ್ ಲಸಿಕೆ ಸರ್ಕಾರದ ಖರ್ಚಿನಲ್ಲಿ ಸಿಗಬೇಕು. ಸತ್ತ ಮೇಲೆ ಕೊಡುವ ಪರಿಹಾರಕ್ಕಿಂತ ಸಾಯದಂತೆ ತಡೆಯುವ ಖರ್ಚು ಯಾವಾಗಲೂ ಅಗ್ಗ. ನಾಲ್ಕನೆಯದಾಗಿ, ಜತ್ತ ಪಟ್ಟಣದ ನಗರ ಪರಿಷತ್ತು ಮತ್ತು ಗ್ರಾಮ ಪಂಚಾಯತಿಗಳು ಕಸ ಹಾಗೂ ಸತ್ತ ಕೋಳಿ, ದನಗಳ ವಿಲೇವಾರಿಯನ್ನು ವನ್ಯಜೀವಿಯ ಕೆಲಸವೆಂದೇ ತಿಳಿದು ಮಾಡಬೇಕು. ಕೊನೆಯದಾಗಿ, ತೋಳಕ್ಕೆ ಮಹಾರಾಷ್ಟ್ರ ಮತ್ತು ಕರ್ನಾಟಕದ ಗಡಿಗೆರೆ ಗೊತ್ತಿಲ್ಲ. ಜತ್ತ, ಅಥಣಿ, ಇಂಡಿ, ವಿಜಯಪುರದ ಅರಣ್ಯಾಧಿಕಾರಿಗಳು ವರ್ಷಕ್ಕೊಮ್ಮೆಯಾದರೂ ಒಟ್ಟಿಗೆ ಕೂತು ಎಣಿಕೆ, ರೋಗದ ನಿಗಾ, ಪರಿಹಾರದ ಲೆಕ್ಕ ಹಂಚಿಕೊಳ್ಳಬೇಕು. ನೆಲದ ಗಡಿಯ ಮೇಲೆ ಎರಡೂ ರಾಜ್ಯಗಳು ನ್ಯಾಯಾಲಯದಲ್ಲಿ ವಾದಿಸಲಿ. ಈ ಕೆಲಸಕ್ಕೆ ಅದು ಅಡ್ಡ ಬರಬೇಕಾಗಿಲ್ಲ.

ಇವುಗಳಲ್ಲಿ ಯಾವುದೂ ಹೊಸ ಕಾನೂನು ಬೇಡುವುದಿಲ್ಲ. ಬೇಕಾದದ್ದು ಜತ್ತದ ಹಟ್ಟಿಯೂ ರಾಜ್ಯದ ಸಂರಕ್ಷಣೆಯ ಕಾವಲುಮನೆ ಎಂಬ ಒಪ್ಪಿಗೆ. ಮಹಾನಗರದ ನಿವಾಸಿ ಚಿರತೆಯ ಪಕ್ಕ ಬದುಕಲು ಕಲಿತಿದ್ದಕ್ಕೆ ದೇಶವಿದೇಶಗಳ ಸಂಶೋಧಕರು ಮೆಚ್ಚುಗೆ ಸೂಚಿಸಿದ್ದಾರೆ, ಅದು ತಕ್ಕದ್ದೇ. ಆದರೆ ಆ ನಿವಾಸಿಗೆ ಕಲಿಸಲು ಸರ್ಕಾರ ಬಂತು, ತಪ್ಪಿದಾಗ ಕೈಹಿಡಿಯಲು ಇಲಾಖೆಗಳಿದ್ದವು. ಜತ್ತದ ಕುರುಬ ಯಾರ ಪಾಠವೂ ಇಲ್ಲದೆ, ತನ್ನ ಕುರಿಯ ಬೆಲೆಯಲ್ಲಿ ದಂಡ ತೆತ್ತು, ಹುಲಿಗಿಂತ ವಿರಳವಾದ ಪ್ರಾಣಿಯೊಂದನ್ನು ದೇಶಕ್ಕಾಗಿ ಉಳಿಸಿಕೊಟ್ಟಿದ್ದಾನೆ. ಸಾಂಗಲಿಯ ಜಿಲ್ಲಾಧಿಕಾರಿ ಮತ್ತು ಅರಣ್ಯ ಇಲಾಖೆ ಈ ಸಾಲವನ್ನು ಒಪ್ಪಿಕೊಂಡು, ಬರುವ ಬೇಸಿಗೆಯ ಒಳಗೆ ಕನ್ನಡ ಅರ್ಜಿ ಮತ್ತು ತಿದ್ದಿದ ಪರಿಹಾರದಿಂದಲೇ ತೀರಿಸಲು ಶುರು ಮಾಡಬಹುದು. ಜತ್ತದ ಜನಪ್ರತಿನಿಧಿಗಳು ಅದನ್ನು ಕೇಳಬೇಕು, ಓದುಗರು ಅವರಿಂದ ಕೇಳಿಸಬೇಕು.